ಕಬ್ಬಿಗೆ 3,300 ಅಂತ ಆಯ್ತು. ತೂಕ, ರಿಕವರಿ ನೋಡುವವರು ಯಾರು?

ರಾಯಬಾಗದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮೂರು ರಾಯಬಾಗ ತಾಲ್ಲೂಕು, ನಾನು ಕೆಲಸ ಮಾಡುವುದು ಬೆಳಗಾವಿಯಲ್ಲಿ. ಅಪ್ಪ ನಾಲ್ಕು ಎಕರೆ ಕಬ್ಬು ಮಾಡುತ್ತಾರೆ. ಲೆಕ್ಕಪತ್ರ ಅಷ್ಟಾಗಿ ನೋಡಿದವರಲ್ಲ. ಕಾರ್ಖಾನೆಯಿಂದ ಖಾತೆಗೆ ಎಷ್ಟು ಬಂತೋ ಅಷ್ಟು. ಇನ್ನು ಮುಂದೆ ಅದನ್ನು ನಾನು ನೋಡಿಕೊಳ್ಳಬೇಕು ಅಂತಿದ್ದೇನೆ, ಆದರೆ ತಲೆಬುಡ ಗೊತ್ತಾಗುತ್ತಿಲ್ಲ.

2025ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ಹೋರಾಟ ನಡೆದಾಗ ಅಪ್ಪನೂ ಹೋಗಿ ಕೂತಿದ್ದರು. ರೈತರು ಕೇಳಿದ್ದು ಟನ್‌ಗೆ 3,500. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ ಸಭೆ ಮಾಡಿ 3,300 ಅಂದರು. ಊರಲ್ಲಿ ಪಟಾಕಿ ಹೊಡೆದರು. ನನಗೂ ಖುಷಿಯಾಯ್ತು.

ಆಮೇಲೆ ಓದುತ್ತಾ ಕೂತರೆ ಗೊಂದಲ ಜಾಸ್ತಿ ಆಯ್ತು. ಕೇಂದ್ರ ಸರ್ಕಾರದ ಎಫ್‌ಆರ್‌ಪಿ (ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ) 2025-26ಕ್ಕೆ ಕ್ವಿಂಟಲ್‌ಗೆ 355, ಅಂದರೆ ಟನ್‌ಗೆ 3,550. ಹಾಗಾದರೆ 3,300ಕ್ಕೆ ಯಾಕೆ ಒಪ್ಪಿಕೊಂಡೆವು? ಉತ್ತರ ಪ್ರದೇಶದಲ್ಲಿ ಕ್ವಿಂಟಲ್‌ಗೆ 400 ಕೊಡುತ್ತಾರಂತೆ. ನಾವು ಅವರಿಗಿಂತ ಕಡಿಮೆನಾ? ಟಿವಿಯಲ್ಲಿ ಒಂದು ಪಕ್ಷದವರು ದಿಲ್ಲಿಯನ್ನು ಬೈತಾರೆ, ಇನ್ನೊಂದು ಪಕ್ಷದವರು ಬೆಂಗಳೂರನ್ನು ಬೈತಾರೆ. ನಿಜಕ್ಕೂ ತಪ್ಪು ಯಾರದ್ದು?

ಇನ್ನೊಂದು ವಿಷಯ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಎಐ ಬಳಸಿ ಕಬ್ಬು ಬೆಳೆಯುತ್ತಿದ್ದಾರೆ, ನಮ್ಮಲ್ಲೂ ಸೆನ್ಸರ್ ಹಾಕಿಸೋಣ ಅಂತ ನನ್ನ ಗೆಳೆಯ ಒಂದೇ ಸಮನೆ ಹೇಳುತ್ತಿದ್ದಾನೆ. ಹಣ ಹೊಂದಿಸಬಹುದು. ಆದರೆ ನಮ್ಮಂಥ ನಾಲ್ಕು ಎಕರೆಯವರಿಗೆ ಅದು ಬೇಕಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.


ಜಮಖಂಡಿ ಅಕ್ಕ:

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಮ್ಮ ಮನೆಯ ಕಬ್ಬಿನ ಲೆಕ್ಕ ಬರೆಯುವುದು ನಾನೇ. ಮೊದಲು ಊರ ಸೊಸೈಟಿಯಲ್ಲಿ ಗುಮಾಸ್ತೆಯಾಗಿದ್ದೆ, ಅಲ್ಲಿ ಬೇರೆಯವರ ಬಿಲ್‌ಗಳನ್ನೂ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿಕೋ.

ಮೊದಲು 3,550ರ ಗೊಂದಲ. ಅದು ಕಾರ್ಖಾನೆಯ ಗೇಟಿನಲ್ಲಿ ಕಬ್ಬು ಇಳಿಸಿದ ಮೇಲಿನ ದರ. ನಮ್ಮ ಕಡೆ ಕಡಿಯುವ ಗ್ಯಾಂಗ್, ಟ್ರ್ಯಾಕ್ಟರ್ ಎಲ್ಲ ಕಾರ್ಖಾನೆಯವರೇ ಕಳಿಸುತ್ತಾರೆ. ಆ ಕಟಾವು, ಸಾಗಣೆ ಖರ್ಚನ್ನು ನಮ್ಮ ಬಿಲ್‌ನಲ್ಲೇ ಮುರಿದುಕೊಳ್ಳುತ್ತಾರೆ. ಅದು ಟನ್‌ಗೆ 800, 900ರ ಆಸುಪಾಸು ಬರುತ್ತದೆ. ಗುರ್ಲಾಪುರದಲ್ಲಿ ಕೇಳಿದ 3,500 ಮತ್ತು ಸಿಕ್ಕಿದ 3,300 ಈ ಖರ್ಚು ತೆಗೆದ ಮೇಲಿನ ದರ. ಆದ್ದರಿಂದ ಎಫ್‌ಆರ್‌ಪಿಗಿಂತ ಕಡಿಮೆಗೆ ಒಪ್ಪಿಕೊಂಡೆವು ಅನ್ನುವುದು ಸರಿಯಲ್ಲ. ಆ ಚಳಿಯಲ್ಲಿ ರಸ್ತೆ ಮೇಲೆ ಕೂತವರು ನಿಜವಾಗಿಯೂ ಗೆದ್ದಿದ್ದಾರೆ. ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳು.

ಉತ್ತರ ಪ್ರದೇಶದ ಲೆಕ್ಕವೂ ಹೀಗೇ. ಅಲ್ಲಿ ರಾಜ್ಯ ಸರ್ಕಾರವೇ ದರ ಹೇಳುತ್ತದೆ. 2025-26ಕ್ಕೆ ಬೇಗ ಬಲಿಯುವ ತಳಿಗೆ ಕ್ವಿಂಟಲ್‌ಗೆ 400, ಸಾಮಾನ್ಯ ತಳಿಗೆ 390. ಆದರೆ ಅಲ್ಲಿ ರೈತನೇ ಕಡಿಸಬೇಕು, ರೈತನೇ ಗೇಟಿನವರೆಗೋ ಖರೀದಿ ಕೇಂದ್ರದವರೆಗೋ ಒಯ್ಯಬೇಕು. ಆ ಖರ್ಚು ಕಳೆದು ನಮ್ಮ ದರದ ಪಕ್ಕ ಇಡು, ಅಂತರ ಬಹಳಷ್ಟು ಕರಗುತ್ತದೆ. ವೇದಿಕೆ ಮೇಲೆ ಇದನ್ನು ಯಾರೂ ಹೇಳುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. 3,300 ಅನ್ನುವ ಸಂಖ್ಯೆಯ ಹಿಂದೆ ಇನ್ನೊಂದು ಸಂಖ್ಯೆ ಇದೆ, ಅದು 11.25. ಅಂದರೆ ನೂರು ಕೆಜಿ ಕಬ್ಬಿನಿಂದ 11.25 ಕೆಜಿ ಸಕ್ಕರೆ ಬರುವ ರಿಕವರಿಯನ್ನು ಆಧಾರ ಮಾಡಿಕೊಂಡು ಆ ದರ ಕಟ್ಟಿದ್ದಾರೆ. ಎಫ್‌ಆರ್‌ಪಿ 355 ಅನ್ನುವುದು 10.25 ರಿಕವರಿಗೆ. ಅದಕ್ಕಿಂತ 0.1 ಜಾಸ್ತಿ ಆದರೆ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಹೆಚ್ಚು. ಕಡಿಮೆ ಆದರೆ ಅಷ್ಟೇ ಕಡಿತ. 9.5ಕ್ಕಿಂತ ಕೆಳಗೆ ಇಳಿದರೆ ಮಾತ್ರ ಕಡಿತ ನಿಲ್ಲುತ್ತದೆ, ಆಗ ಕ್ವಿಂಟಲ್‌ಗೆ 329 ರೂಪಾಯಿ 5 ಪೈಸೆ.

3 ರೂಪಾಯಿ 46 ಪೈಸೆ ಕೇಳಲು ಸಣ್ಣದು. ಟನ್‌ಗೆ ಮಾಡು, 34 ರೂಪಾಯಿ 60 ಪೈಸೆ. ರಿಕವರಿಯಲ್ಲಿ 0.3 ವ್ಯತ್ಯಾಸ ಆದರೆ ಟನ್‌ಗೆ 100 ರೂಪಾಯಿ ದಾಟಿತು. ಗುರ್ಲಾಪುರದ ಹೋರಾಟದಲ್ಲಿ ಕೊನೆಗೆ ಸಿಕ್ಕ ಹೆಚ್ಚಳ ಎಷ್ಟು? ಕಾರ್ಖಾನೆಯವರ 50, ಸರ್ಕಾರದ 50, ಸೇರಿ 100. ಅಷ್ಟು ಸಾವಿರ ಜನ ಹೆದ್ದಾರಿಯಲ್ಲಿ ಅಡುಗೆ ಮಾಡಿ ಉಂಡು, ಅಲ್ಲೇ ಮಲಗಿ ತಂದ ದುಡ್ಡು ಒಂದು ಕಾಗದದ ಮೇಲೆ 0.3 ಬದಲಾದರೆ ಹೋಯಿತು. ಆ ಕಾಗದವನ್ನು ನೀನು ನೋಡಿದ್ದೀಯಾ? ನಿಮ್ಮಪ್ಪ ನೋಡಿದ್ದಾರಾ? ನಮ್ಮೂರಲ್ಲಿ ಕೇಳಿದರೆ ಬಹಳಷ್ಟು ಜನ ಇಲ್ಲ ಅಂತಾರೆ.

ತೂಕಕ್ಕೆ ಬಾ. ನಾಲ್ಕು ಎಕರೆಗೆ 160 ಟನ್ ಬಂತು ಅಂತ ಇಟ್ಟುಕೋ. ಎರಡು ಟ್ರೇಲರ್‌ನ ಒಂದು ಗಾಡಿ 20 ಟನ್. ಒಂದೊಂದು ಗಾಡಿಯಲ್ಲಿ ಅರ್ಧ ಟನ್ ಆಚೀಚೆ ಆದರೆ ಒಟ್ಟು 4 ಟನ್, 13,200 ರೂಪಾಯಿ. ಸೊಸೈಟಿ ಸಾಲದ ವರ್ಷದ ಬಡ್ಡಿ ಅದರಲ್ಲೇ ಮುಗಿಯುತ್ತದೆ. ಎಲ್ಲ ಕಾರ್ಖಾನೆಯವರೂ ಕದಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ತೂಗುವವರೂ ಇದ್ದಾರೆ. ಆದರೆ ಸರಿ ತೂಗಿದ್ದು ಯಾವುದು, ತಪ್ಪಿದ್ದು ಯಾವುದು ಅಂತ ರೈತನಿಗೆ ಗೊತ್ತಾಗುವ ದಾರಿ ಇಲ್ಲ. ನನ್ನ ಜಗಳ ಅದರ ಮೇಲೆ.

ಒಮ್ಮೆ ಗಾಡಿ ತೂಗುವ ಕಾಟಾ ಹತ್ತಿರ ನಿಂತು ನೋಡು. ಗಾಡಿ ತಟ್ಟೆಯ ಮೇಲೆ ಹತ್ತುತ್ತದೆ. ಕ್ಯಾಬಿನ್ ಒಳಗೆ ಕೆಂಪು ಅಂಕಿ ಓಡುತ್ತದೆ, ಗಾಜಿಗೆ ಕಪ್ಪು ಹಾಳೆ ಅಂಟಿಸಿರುತ್ತಾರೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ. ಡ್ರೈವರ್ ಕೈಗೆ ಒಂದು ಚೀಟಿ ಬರುತ್ತದೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು ಕೇನ್ ಯಾರ್ಡ್ ಕಡೆ ಹೋಗುತ್ತಾನೆ. ಕಬ್ಬಿನ ಮಾಲೀಕ ಊರಲ್ಲಿ ಇರುತ್ತಾನೆ. ಚೀಟಿ ಮನೆಗೆ ಬಂದಾಗ ಬೆವರಿಗೆ ಅರ್ಧ ಮಾಸಿರುತ್ತದೆ. ಅದು ಥರ್ಮಲ್ ಕಾಗದ, ಟ್ರಂಕಿನಲ್ಲಿ ಇಟ್ಟರೂ ಬೇಸಿಗೆ ಹೊತ್ತಿಗೆ ಬಿಳಿ ಹಾಳೆ. ಕೊನೆಯ ಕಂತಿನ ಬಿಲ್ ಬರುವಾಗ ತಾಳೆ ನೋಡಲು ನಿನ್ನ ಕೈಯಲ್ಲಿ ಏನೂ ಇರುವುದಿಲ್ಲ. ಮೇಲೆ ರವದಿ (ಒಣ ಎಲೆ) ಅಂತ, ಹೊರೆಯ ಕಟ್ಟು ಅಂತ ಕೆಲವು ಕಡೆ ಬೇರೆ ಕಡಿತ. ಎಷ್ಟು ಮುರಿದುಕೊಂಡರು ಅಂತಲೂ ಚೀಟಿಯಲ್ಲಿ ಇರುವುದಿಲ್ಲ. ಬಂಗಾರದ ಅಂಗಡಿಯಲ್ಲಿ ತಕ್ಕಡಿಯ ಅಂಕಿ ಗಿರಾಕಿ ಕಡೆಗೆ ಮುಖ ಮಾಡಿರುತ್ತದೆ. ವರ್ಷದ ದುಡಿಮೆ ತೂಗುವ ಜಾಗದಲ್ಲಿ ನಮಗೆ ಅಷ್ಟೂ ಇಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದನ್ನು ಮನಸ್ಸಿಟ್ಟು ಓದು. 2021-22ರಲ್ಲಿ ಎಫ್‌ಆರ್‌ಪಿ 290 ಇತ್ತು, 10 ರಿಕವರಿಗೆ. 2022-23ರಲ್ಲಿ 305 ಮಾಡಿದರು. ಕ್ವಿಂಟಲ್‌ಗೆ 15 ರೂಪಾಯಿ ಏರಿಸಿದೆವು ಅಂತ ಸುದ್ದಿ. ಆದರೆ ಅದೇ ವರ್ಷ ಆಧಾರದ ರಿಕವರಿಯನ್ನು 10ರಿಂದ 10.25ಕ್ಕೆ ಏರಿಸಿದರು. 10 ರಿಕವರಿಯ ಕಬ್ಬಿಗೆ ಹೊಸ ಲೆಕ್ಕ ಹಾಕಿದರೆ 297 ರೂಪಾಯಿ 40 ಪೈಸೆಯ ಹತ್ತಿರ ಬರುತ್ತದೆ. 15ರಲ್ಲಿ ಅರ್ಧ ಅಲ್ಲೇ ಕರಗಿತು. 2018-19ರಲ್ಲೂ ಹೀಗೇ ಆಗಿತ್ತು, 9.5 ಇದ್ದದ್ದನ್ನು 10 ಮಾಡಿದರು. ದರ ಏರಿದಾಗ ಮುಖಪುಟ, ಆಧಾರ ಏರಿದಾಗ ಒಳಪುಟದಲ್ಲಿ ಒಂದು ಸಾಲು. ನಮ್ಮೂರಲ್ಲಿ ಇದಕ್ಕೆ ಯಾರೂ ರಸ್ತೆಗೆ ಇಳಿಯಲಿಲ್ಲ, ಯಾಕೆಂದರೆ ನಮಗೆ ಗೊತ್ತೇ ಆಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ದರಕ್ಕಾಗಿ ಹೋರಾಡಿದಷ್ಟೇ ಜೋರಾಗಿ ಅಳತೆಗಾಗಿಯೂ ಹೋರಾಡಬೇಕು. ತಂತ್ರಜ್ಞಾನದ ಮಾತು ಬಂದರೆ ಮೊದಲು ಅದು ಕಾಟಾಕ್ಕೆ ಬರಲಿ, ಆಮೇಲೆ ಹೊಲಕ್ಕೆ.

ಬಾರಾಮತಿಯ ಕೆಲಸವನ್ನು ನಾನು ಹಗುರ ಮಾಡುವುದಿಲ್ಲ. ಅಲ್ಲಿನ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನವರು ಮಣ್ಣಿನ ಸೆನ್ಸರ್, ಉಪಗ್ರಹದ ಚಿತ್ರ, ಹವಾಮಾನದ ಮಾಹಿತಿ ಎಲ್ಲ ಸೇರಿಸಿ ಯಾವಾಗ ನೀರು ಬಿಡಬೇಕು, ಎಷ್ಟು ಗೊಬ್ಬರ ಕೊಡಬೇಕು ಅಂತ ಮೊಬೈಲ್‌ಗೆ ಕಳಿಸುತ್ತಾರೆ. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲಾ ಕೂಡ ಆ ಬಗ್ಗೆ ಮಾತಾಡಿದ್ದಾರೆ. ನಮ್ಮ ಕಡೆ ನೀರು ಜಾಸ್ತಿ ಬಿಟ್ಟು ಬಿಟ್ಟು ಜಮಖಂಡಿ, ಅಥಣಿ ಭಾಗದ ಎಷ್ಟೋ ಹೊಲ ಉಪ್ಪೇರಿ ಸವುಳು ಹಿಡಿದಿವೆ. ಅಲ್ಲಿ ಇಂಥದ್ದು ಉಪಯೋಗಕ್ಕೆ ಬರುತ್ತದೆ. ಆದರೆ ಆ ಸೆನ್ಸರ್‌ನಿಂದ ನಿನ್ನ ಹೊಲದಲ್ಲಿ ಹತ್ತು ಟನ್ ಹೆಚ್ಚು ಬೆಳೆದು, ಆ ಹತ್ತು ಟನ್ ಎಲ್ಲಿ ತೂಗಿತು, ಎಷ್ಟು ತೂಗಿತು ಅಂತ ನಿನಗೆ ಗೊತ್ತಾಗದಿದ್ದರೆ ಲಾಭ ಯಾರಿಗೆ? ನಾಲ್ಕು ಎಕರೆಯವನು ಒಬ್ಬನೇ ಹಾಕಿಸಬೇಡ. ಊರಿನ ಹತ್ತು ಜನ ಸೇರಿದರೆ ಯೋಚನೆ ಮಾಡು. ಮೊದಲು ಡ್ರಿಪ್ ಸರಿ ಮಾಡಿಸು.


ಅಥಣಿ ಗಾಡಿ:

ಅಕ್ಕಾರ, ನೀವು ಹೇಳಿದ್ದು ಸರಿ ಇದೆ. ಆದರೆ ಒಂದು ಮಾತು. ಬರೀ ತೂಕ, ರಿಕವರಿ ಅಂತ ಕೂತರೆ ದಿಲ್ಲಿಯವರು ಪಾರಾಗಿ ಬಿಡುತ್ತಾರೆ. ನಾನು ಕಬ್ಬಿನ ಗಾಡಿ ಓಡಿಸುವವನು, ಸ್ವಂತ ಕಬ್ಬೂ ಇದೆ. ಕಾರ್ಖಾನೆಯವರ ಕೈಗೆ ದುಡ್ಡು ಬಂದರೆ ತಾನೇ ನಮಗೆ ಬರುವುದು?

ಸಕ್ಕರೆಯ ಕನಿಷ್ಠ ಮಾರಾಟ ದರ ಕೆಜಿಗೆ 31 ರೂಪಾಯಿ ಮಾಡಿದ್ದು 2019ರ ಫೆಬ್ರುವರಿಯಲ್ಲಿ. ಆಗ ಎಫ್‌ಆರ್‌ಪಿ 275. ಎಫ್‌ಆರ್‌ಪಿ 355 ಆದ ಮೇಲೆ ಗುರ್ಲಾಪುರದಲ್ಲಿ ನಾವು ಕೂತಾಗಲೂ ಆ 31 ಹಾಗೇ ಇತ್ತು. ಪೆಟ್ರೋಲ್‌ಗೆ ಶೇ 20 ಎಥೆನಾಲ್ ಸೇರಿಸುತ್ತೇವೆ ಅಂತ ಹೇಳಿ ಹೇಳಿ ನಮ್ಮ ಕಡೆ ಡಿಸ್ಟಿಲರಿ ಕಟ್ಟಿಸಿದರು, ಬ್ಯಾಂಕ್ ಸಾಲ ಕೊಡಿಸಿದರು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ಏಕಾಏಕಿ ಕಟ್ಟು ಹಾಕಿದರು. 2024ರ ಆಗಸ್ಟ್‌ನಲ್ಲಿ ಅದನ್ನು ತೆಗೆದರು. ಅಷ್ಟರಲ್ಲಿ ಮೆಕ್ಕೆಜೋಳದ ಎಥೆನಾಲ್ ಮುಂದೆ ಹೋಗಿತ್ತು. 2024-25ರಲ್ಲಿ ಮೆಕ್ಕೆಜೋಳದ ಎಥೆನಾಲ್‌ಗೆ ಲೀಟರ್‌ಗೆ 71 ರೂಪಾಯಿ 86 ಪೈಸೆ, ಕಬ್ಬಿನ ಹಾಲಿನದಕ್ಕೆ 65 ರೂಪಾಯಿ 61 ಪೈಸೆ ಇತ್ತು. ಆ 65.61 ಇದ್ದದ್ದು 2022-23ರಿಂದ.

ರಾಜ್ಯದ ಡಿಸ್ಟಿಲರಿಗಳಿಗೆ 270 ಕೋಟಿ ಲೀಟರ್ ಮಾಡುವ ಶಕ್ತಿ ಇದೆ, ನಮಗೆ ಹಂಚಿದ್ದು 47 ಕೋಟಿ ಅಂತ ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದಿದ್ದರು. ಆಗ ಕೇಂದ್ರದ ಆಹಾರ ಖಾತೆ ನಮ್ಮ ಧಾರವಾಡದ ಪ್ರಲ್ಹಾದ ಜೋಶಿಯವರ ಕೈಯಲ್ಲೇ ಇತ್ತು. ಇಷ್ಟು ಹತ್ತಿರದ ಮಂತ್ರಿ ಇದ್ದೂ ಕೇಳುವ ಹಾಗೆ ಆಯ್ತಲ್ಲ ಅನ್ನುವುದು ನನ್ನ ಸಂಕಟ. ಮೊದಲು ಅಲ್ಲಿ ಸರಿಯಾಗಬೇಕು.


ನಿವೃತ್ತ ಕೆಮಿಸ್ಟ್, ವಿಜಯಪುರ:

ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ರಿಕವರಿ ಬಗ್ಗೆ ಹೇಳುವವರು ಕಡಿಮೆ, ಹಾಗಾಗಿ ನನಗೆ ಗೊತ್ತಿದ್ದನ್ನು ಬರೆಯುತ್ತೇನೆ.

ಬಹಳ ರೈತರು ತಮ್ಮ ಕಬ್ಬನ್ನು ಲ್ಯಾಬ್‌ನಲ್ಲಿ ನೋಡಿ ರಿಕವರಿ ಹೇಳುತ್ತಾರೆ ಅಂದುಕೊಂಡಿದ್ದಾರೆ. ಹಾಗಲ್ಲ. ಹಂಗಾಮಿನಲ್ಲಿ ಚೀಲಕ್ಕೆ ಬಿದ್ದ ಒಟ್ಟು ಸಕ್ಕರೆಯನ್ನು ನುರಿಸಿದ ಒಟ್ಟು ಕಬ್ಬಿನಿಂದ ಭಾಗಿಸುತ್ತಾರೆ. ಅದೇ ಆ ಕಾರ್ಖಾನೆಯ ರಿಕವರಿ. ಒಂದು ವರ್ಷದ ಈ ಸರಾಸರಿಯ ಮೇಲೆ ಮುಂದಿನ ವರ್ಷದ ಎಫ್‌ಆರ್‌ಪಿ ನಿಲ್ಲುತ್ತದೆ. ಹನ್ನೆರಡು ತಿಂಗಳು ಚೆನ್ನಾಗಿ ಬಲಿತ 86032 ತಳಿಯ ಕಬ್ಬು ಕೊಟ್ಟವನಿಗೂ, ಎಳೆಯದನ್ನು ಕಡಿದು ಕೊಟ್ಟವನಿಗೂ ಒಂದೇ ಸರಾಸರಿ.

ಈ ಭಾಗಾಕಾರದಲ್ಲಿ ರೈತರಿಗೆ ಉಪಯೋಗ ಆಗುವ ಒಂದು ವಿಷಯ ಇದೆ. ಕೆಳಗಿನ ಅಂಕಿ ಕಬ್ಬಿನ ತೂಕ. ಯಾರಾದರೂ ಕಬ್ಬಿನ ತೂಕ ಕಡಿಮೆ ತೋರಿಸಿದರೆ ರಿಕವರಿ ತಾನಾಗಿ ಮೇಲೆ ಏರಬೇಕು. ಏರಲಿಲ್ಲ ಅಂದರೆ ಸಕ್ಕರೆಯನ್ನೂ ಎಲ್ಲೋ ಕಡಿಮೆ ತೋರಿಸಿರಬೇಕು. ಸಕ್ಕರೆ ಚೀಲ ಸುಮ್ನೆ ಮಾಯವಾಗುವುದಿಲ್ಲ. ತಿಂಗಳಿಗೆ ಎಷ್ಟು ಮಾರಬೇಕು ಅಂತ ಕೇಂದ್ರ ಕೋಟಾ ಕೊಡುತ್ತದೆ, ಜಿಎಸ್‌ಟಿ ಬಿಲ್ ಇರುತ್ತದೆ. ಆದ್ದರಿಂದ ಕಬ್ಬು, ಸಕ್ಕರೆ, ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ), ಎಥೆನಾಲ್ ಈ ನಾಲ್ಕರ ದಿನದ ಅಂಕಿಯನ್ನು ಒಂದೇ ಕಡೆ ಹಾಕಿದರೆ ತಪ್ಪು ಎಲ್ಲಿದೆ ಅಂತ ಕಂಪ್ಯೂಟರ್ ಗೊತ್ತಿರುವ ಯಾವ ಹುಡುಗನಾದರೂ ಹಿಡಿಯಬಹುದು. ಅಂಕಿಗಳು ಇವೆ. ಕಾರ್ಖಾನೆಗಳು ಸರ್ಕಾರಕ್ಕೆ ಕಳಿಸುತ್ತಲೇ ಇರುತ್ತವೆ. ರೈತನಿಗೆ ಓದಲು ಬರುವ ರೂಪದಲ್ಲಿ ಗೇಟಿನ ಬೋರ್ಡಿಗೆ ಬರುತ್ತಿಲ್ಲ.

ಎಥೆನಾಲ್ ಬಂದ ಮೇಲೆ ಇದು ಇನ್ನೂ ಸೂಕ್ಷ್ಮ ಆಗಿದೆ. ಮೊದಲು ಸಕ್ಕರೆಯನ್ನು ಪೂರ್ತಿ ತೆಗೆದು ಉಳಿದ ಕಾಕಂಬಿಯನ್ನು ಡಿಸ್ಟಿಲರಿಗೆ ಕಳಿಸುತ್ತಿದ್ದರು. ಈಗ ಬಿ ಹೆವಿ ಅಂತ, ಸಕ್ಕರೆ ಇನ್ನೂ ಉಳಿದಿರುವಾಗಲೇ ಕಳಿಸುತ್ತಾರೆ. ಆಗ ಚೀಲಕ್ಕೆ ಬೀಳುವ ಸಕ್ಕರೆ ಕಡಿಮೆ ಆಗುತ್ತದೆ, ರಿಕವರಿ ಒಂದೂವರೆ ಅಂಶದ ಆಸುಪಾಸು ಇಳಿದು ಕಾಣುತ್ತದೆ. ಆ ಇಳಿದದ್ದನ್ನು ಲೆಕ್ಕಕ್ಕೆ ವಾಪಸ್ ಸೇರಿಸಬೇಕು. ಸೇರಿಸಿದರಾ, ಎಷ್ಟು ಸೇರಿಸಿದರು ಅಂತ ರೈತ ಸಂಘದವರು ಪ್ರತಿ ವರ್ಷ ಕೇಳಲೇಬೇಕಾದ ಪ್ರಶ್ನೆ ಇದು. ಅಥಣಿಯ ಸಹೋದರರಿಗೆ ಹೇಳುವುದು, ನೀವು ಎಥೆನಾಲ್ ಜಾಸ್ತಿ ಬೇಕು ಅಂತ ಕೇಳುತ್ತಿದ್ದೀರಿ, ಕೇಳಿ. ಜೊತೆಗೆ ಇದನ್ನೂ ಕೇಳಿ.

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕಬ್ಬಿಗೆ ದುಡ್ಡು ಕೊಡುವುದು ಅದರಲ್ಲಿ ಇರುವ ಸಕ್ಕರೆಯ ಕೆಜಿ ಮೇಲೆ. ಗೇಟಿನಲ್ಲಿ ಲಾರಿಗೆ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಾರೆ. ಬೆಳೆಗಾರರೂ ಕಾರ್ಖಾನೆಯವರೂ ಸೇರಿ ನಡೆಸುವ ಕಾನ್ಸೆಕಾನಾ ಅನ್ನುವ ಮಂಡಳಿ ಇದೆ. ಆಸ್ಟ್ರೇಲಿಯಾದಲ್ಲೂ ಒಬ್ಬೊಬ್ಬ ಬೆಳೆಗಾರನ ಕಬ್ಬನ್ನು ಬೇರೆಯಾಗಿ ನೋಡುತ್ತಾರೆ. ನಮ್ಮಲ್ಲಿ ಹಾಗೇ ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮವರು ಒಂದೆರಡು ಎಕರೆಯವರು. ಕಟಾವಿನ ಗ್ಯಾಂಗ್ ಬರುವುದು ತಡವಾದರೆ, ಕಡಿದ ಕಬ್ಬು ಯಾರ್ಡ್‌ನಲ್ಲಿ ಎರಡು ದಿನ ಒಣಗಿದರೆ ಸಕ್ಕರೆ ಇಳಿಯುತ್ತದೆ. ಅದು ರೈತನ ತಪ್ಪಲ್ಲ, ಆದರೆ ಕಡಿತ ಅವನ ತಲೆ ಮೇಲೆ ಬೀಳುತ್ತದೆ. ಮೊದಲು ಸರಾಸರಿಯನ್ನೇ ಹೊರಗಿನವರು ಬಂದು ಪರೀಕ್ಷೆ ಮಾಡಲಿ. ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಓದಿದ ಹುಡುಗರಿದ್ದಾರೆ, ಉಪಕರಣ ಇವೆ. ಹೇಳದೆ ಕೇಳದೆ ಬಂದು ಮಾದರಿ ಒಯ್ಯುವ ಅಧಿಕಾರ ಅವರಿಗೆ ಕೊಟ್ಟರೆ ಸಾಕು.


ರಾಯಬಾಗದ ಹುಡುಗ:

ಎಲ್ಲರಿಗೂ ತುಂಬಾ ಧನ್ಯವಾದ. ಕೆಮಿಸ್ಟ್ ಸರ್, ತೂಕ ಕಡಿಮೆ ಆದರೆ ರಿಕವರಿ ಏರಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಅಕ್ಕಾ, ಈಗ ನಾನು ಮಾಡಬೇಕಾದದ್ದು ಏನು? ಅಪ್ಪನಿಗೆ ಹೇಳಿದರೆ, ಕಾರ್ಖಾನೆಯವರ ಜೊತೆ ತಕರಾರು ಮಾಡಿದರೆ ಮುಂದಿನ ಸಲ ಕಬ್ಬು ಕಡಿಯಲು ಗ್ಯಾಂಗ್ ಕಳಿಸುವುದಿಲ್ಲ ಅಂತ ಹೆದರುತ್ತಾರೆ.


ಜಮಖಂಡಿ ಅಕ್ಕ:

ನಿಮ್ಮಪ್ಪ ಹೆದರುವುದು ಸಹಜ. ಕಬ್ಬು ಹೊಲದಲ್ಲಿ ನಿಂತು ಹೂ ಬಿಟ್ಟರೆ ತೂಕವೂ ಹೋಯಿತು, ಬುಡದಿಂದ ಮತ್ತೆ ಚಿಗುರುವ ಮುಂದಿನ ಕುಳೆಯೂ ಹಿಂದೆ ಬಿತ್ತು. ಒಬ್ಬನೇ ಹೋಗಿ ಗೇಟಿನಲ್ಲಿ ಜಗಳ ಮಾಡು ಅಂತ ನಾನು ಯಾವತ್ತೂ ಹೇಳುವುದಿಲ್ಲ. ರೈತ ಒಂಟಿಯಾಗಿದ್ದಾನೆ ಅನ್ನುವುದರ ಮೇಲೆಯೇ ಈ ವ್ಯವಸ್ಥೆ ನಿಂತಿದೆ.

ಅಥಣಿ ಅಣ್ಣಾ, ನೀವು ಹೇಳಿದ 31 ರೂಪಾಯಿಯ ಮಾತು ಒಪ್ಪುತ್ತೇನೆ. ಅದು ಏರಬೇಕು. ಆದರೆ ಮಾರುಕಟ್ಟೆಯಲ್ಲಿ ಕಾರ್ಖಾನೆಯವರು ಮಾರುವುದು 31ಕ್ಕಿಂತ ಜಾಸ್ತಿಗೇ. ಅದು ಕೆಳಗಿನ ಮಿತಿ ಮಾತ್ರ. ಎಥೆನಾಲ್ ಹಂಚಿಕೆಯಲ್ಲಿ ನಮಗೆ ಅನ್ಯಾಯ ಆಗಿದ್ದರೆ ಅದನ್ನೂ ಕೇಳೋಣ. ನನ್ನ ಪ್ರಶ್ನೆ ಬೇರೆ. ನಾಳೆ ದಿಲ್ಲಿಯವರು 31ನ್ನು 40 ಮಾಡಿದರು, ಎಥೆನಾಲ್ ಎರಡು ಪಟ್ಟು ಕೊಟ್ಟರು ಅಂತ ಇಟ್ಟುಕೊಳ್ಳಿ. ಆ ದುಡ್ಡಿನಲ್ಲಿ ನಮ್ಮ ಪಾಲು ಎಷ್ಟು ಅಂತ ಹೇಗೆ ತಿಳಿಯುತ್ತದೆ? 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ರೈತರಿಗೆ ಹೋಗಬೇಕು ಅಂದಿತ್ತು. ನಮ್ಮ ರಾಜ್ಯದಲ್ಲೂ 2013ರಲ್ಲಿ ಕಬ್ಬು ಖರೀದಿ, ಪೂರೈಕೆಗೆ ಕಾಯ್ದೆ ಬಂತು, ಕಬ್ಬು ನಿಯಂತ್ರಣ ಮಂಡಳಿ ಆಯ್ತು. ಅದೇ ವರ್ಷ ಸುವರ್ಣಸೌಧದ ಹತ್ತಿರ ಹೋರಾಟದಲ್ಲಿ ಒಬ್ಬ ರೈತರು ಪ್ರಾಣ ಕಳೆದುಕೊಂಡರು. ಅಷ್ಟು ಆದ ಮೇಲೂ ಪ್ರತಿ ನವೆಂಬರ್‌ನಲ್ಲಿ ನಾವು ರಸ್ತೆಗೆ ಬರಬೇಕು, ಮಂತ್ರಿಗಳು ಬರಬೇಕು, ರಾತ್ರಿ ಸಭೆ ಆಗಬೇಕು. 2025ರಲ್ಲಿ ಮುಧೋಳ ಕಡೆ ಕಬ್ಬು ತುಂಬಿದ ಟ್ರೇಲರ್‌ಗಳೇ ಸುಟ್ಟು ಹೋದವು. ಅದೂ ಯಾರೋ ರೈತರು ಬೆಳೆದ ಕಬ್ಬೇ ಅಲ್ವಾ? ನನಗೆ ಆ ಫೋಟೋ ನೋಡಿ ಊಟ ಸೇರಲಿಲ್ಲ.

ಯಾವ ಪಕ್ಷದವರೂ ಈ ಅಳತೆಯ ಮಾತನ್ನು ಜೋರಾಗಿ ಎತ್ತುವುದಿಲ್ಲ. ಕಾರ್ಖಾನೆ ಇರುವವರು ಎಲ್ಲ ಪಕ್ಷದಲ್ಲೂ ಇದ್ದಾರೆ. ದರ ಏರಿಸುವುದು ಅವರಿಗೆ ಕಷ್ಟ ನಿಜ, ಆದರೆ ಅದಕ್ಕೆ ಸರ್ಕಾರದಿಂದ 50 ರೂಪಾಯಿ ತರಿಸಬಹುದು. ಕಾಟಾದ ಅಂಕಿ ಹೊರಗೆ ಹಾಕಿ ಅಂದರೆ ಅದಕ್ಕೆ ಸರ್ಕಾರದ ಸಹಾಯಧನ ಬೇಕಾಗಿಲ್ಲ, ಮನಸ್ಸು ಬೇಕು. ನಮ್ಮ ಜಿಲ್ಲೆಗಳ ಶಾಸಕರನ್ನು ನಾನು ಅಳೆಯುವುದು ಈ ಒಂದು ವಿಷಯದಲ್ಲಿ. ಬೆಳಗಾವಿ ಅಧಿವೇಶನದಲ್ಲಿ ಯಾರು ಇದನ್ನು ಕೇಳುತ್ತಾರೋ ಅವರಿಗೆ ನನ್ನ ವೋಟು, ಪಕ್ಷ ಯಾವುದಾದರೂ ಇರಲಿ.

ಕೆಮಿಸ್ಟ್ ಸರ್, ನಿಮ್ಮ ನಾಲ್ಕು ಅಂಕಿಯ ಬೋರ್ಡ್ ನನಗೆ ಬಹಳ ಹಿಡಿಸಿತು. ನಮ್ಮ ಸಂಘದ ಮನವಿಯಲ್ಲಿ ಅದನ್ನು ಹಾಗೇ ಸೇರಿಸುತ್ತೇನೆ. ಒಬ್ಬೊಬ್ಬರ ಕಬ್ಬು ಬೇರೆ ಬೇರೆ ಪರೀಕ್ಷೆ ಬೇಡ ಅನ್ನುವುದರಲ್ಲಿ ಮಾತ್ರ ನಾನು ನಿಮ್ಮ ಜೊತೆ ಪೂರ್ತಿ ಇಲ್ಲ. ಚೆನ್ನಾಗಿ ಬೆಳೆದವನಿಗೆ ಅದರ ಬೆಲೆ ಸಿಗದಿದ್ದರೆ ಯಾರು ಬಲಿಯುವವರೆಗೆ ಕಾಯುತ್ತಾರೆ? ತೂಕ ಬಂದರೆ ಸಾಕು ಅಂತ ನೀರು ಬಿಡುತ್ತಾ ಕೂರುತ್ತಾರೆ. ಹೊಲ ಹಾಳಾಗುವುದಕ್ಕೂ ಇದಕ್ಕೂ ಸಂಬಂಧ ಇದೆ. ಇವತ್ತಲ್ಲದಿದ್ದರೂ ಮುಂದೆ ಅಲ್ಲಿಗೆ ಹೋಗಲೇಬೇಕು.

ತಮ್ಮಾ, ನೀನು ಮಾಡಬೇಕಾದದ್ದು. ಗಾಡಿ ಹೊರಟ ದಿನವೇ ಡ್ರೈವರ್‌ಗೆ ಹೇಳಿ ಚೀಟಿಯ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೋ. ತುಂಬಿದ ತೂಕ, ಖಾಲಿ ತೂಕ ಎರಡೂ ಕಾಣಬೇಕು. ಕೆಲವು ಕಾರ್ಖಾನೆಗಳು ಮೆಸೇಜ್ ಕಳಿಸುತ್ತವೆ, ಅದರಲ್ಲಿ ನಿನ್ನ ನಂಬರ್ ಇದೆಯಾ ಅಂತ ಫೀಲ್ಡ್‌ಮನ್ ಹತ್ತಿರ ಕೇಳು. ಬಹಳ ಮನೆಯಲ್ಲಿ ಹಳೆಯ ನಂಬರ್ ಇರುತ್ತದೆ, ಇಲ್ಲವೇ ಯಾರೋ ಏಜೆಂಟನದ್ದು ಇರುತ್ತದೆ. ದಾರಿಯಲ್ಲಿ ಹೊರಗಿನ ವೇಬ್ರಿಜ್ ಇದ್ದರೆ ಒಂದು ಗಾಡಿಯನ್ನಾದರೂ ಅಲ್ಲಿ ತೂಗಿಸು. ಡ್ರೈವರ್‌ಗೆ ಸಮಯ ಹೋಗುತ್ತದೆ, ಅವನಿಗೆ ಕೈ ಖರ್ಚು ಕೊಡು. ಅಂತರ ಸಣ್ಣದಿದ್ದರೆ ಬಿಡು. ದೊಡ್ಡದಿದ್ದರೆ ಕೂಗಾಡಬೇಡ, ಇನ್ನೂ ನಾಲ್ಕು ಮನೆಯವರಿಗೆ ಹೀಗೇ ಮಾಡಲು ಹೇಳು. ಐದು ಮನೆಯ ಚೀಟಿ ಸೇರಿಸಿ ಕಾನೂನು ಮಾಪನ ಇಲಾಖೆಗೂ ಜಿಲ್ಲಾಧಿಕಾರಿಗೂ ಕೊಟ್ಟರೆ ಅದು ದೂರು. ಒಬ್ಬನೇ ಕೊಟ್ಟರೆ ಅದು ತಕರಾರು.

ಬಿಲ್ ಬಂದಾಗ ಕಬ್ಬು ಕೊಟ್ಟ ತಾರೀಕು, ದುಡ್ಡು ಜಮಾ ಆದ ತಾರೀಕು ಬರೆದಿಡು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಕೊಡಬೇಕು. ಆ ಬಡ್ಡಿ ಕೇಳದೆ ಬಿಟ್ಟವರೇ ನಮ್ಮಲ್ಲಿ ಜಾಸ್ತಿ. ಹೋದ ಹಂಗಾಮಿನ ರಿಕವರಿ ಎಷ್ಟು, ಎಥೆನಾಲ್‌ಗೆ ಹೋದ ಸಕ್ಕರೆ ಸೇರಿಸಿ ಎಷ್ಟು, ಈ ಎರಡನ್ನು ಮಾಹಿತಿ ಹಕ್ಕಿನಲ್ಲಿ ಕಬ್ಬು ಅಭಿವೃದ್ಧಿ ಆಯುಕ್ತರ ಕಚೇರಿಗೆ ಕೇಳು. ಕಾರ್ಖಾನೆಗೆ ಹೋಗುವುದೇ ಬೇಡ. ಅರ್ಜಿಗೆ 10 ರೂಪಾಯಿ ಶುಲ್ಕ. ಹೆಸರು ಹಾಕಲು ಅಪ್ಪ ಹೆದರಿದರೆ ನಿನ್ನ ಬೆಳಗಾವಿ ವಿಳಾಸದಿಂದ ನಿನ್ನ ಹೆಸರಲ್ಲೇ ಹಾಕು. ಯಾವ ನಾಗರಿಕನಾದರೂ ಕೇಳಬಹುದು, ಹೊಲ ಇರಲೇಬೇಕು ಅಂತೇನಿಲ್ಲ.

ಅರ್ಜಿ ಬರೆಯಲು ಗೊತ್ತಾಗದಿದ್ದರೆ ಇಲ್ಲೇ ಹೇಳು, ನಾನು ಹಾಕಿದ್ದರ ಮಾದರಿ ಟೈಪ್ ಮಾಡಿ ಹಾಕುತ್ತೇನೆ. ಹೋದ ವರ್ಷದ ಬಿಲ್ ಇದ್ದರೆ ಹೆಸರು, ಖಾತೆ ನಂಬರ್, ಕಾರ್ಖಾನೆ ಹೆಸರು ಮುಚ್ಚಿ ಅದರ ಫೋಟೋ ಹಾಕು. ಕಟಾವು, ಸಾಗಣೆ ಎಷ್ಟು ಮುರಿದಿದ್ದಾರೆ ಅಂತ ಮೊದಲು ಅದನ್ನು ನೋಡೋಣ.